ಕಳೆದುಹೋದ ಚಕ್ರ
ವಿಶಾಖಪಟ್ಟಣದಲ್ಲಿ ಹಳೆಯ ಟ್ಯಾಂಕ್ ಮಾದರಿಗಳನ್ನು ಜೋಡಿಸುವ ನಾವು ಕೆಲವು ಕನ್ನಡಿಗರಿದ್ದೇವೆ. ತಯಾರಿಕೆ ನಿಂತ ಕಿಟ್ಟಿನ ಒಂದು ಚಕ್ರ ಕಳೆದರೆ, ಅದೇ ಬಿಡಿಭಾಗಕ್ಕಾಗಿ ವರ್ಷಗಟ್ಟಲೆ ಕಾಯುವುದು ನಮ್ಮಲ್ಲಿ ರೂಢಿ. ಈ ರೂಢಿಯನ್ನು ಬಿಡಬೇಕು.

ವಿಜಯವಾಡದ ಬಳಿಯ ಕೊಂಡಪಲ್ಲಿಯನ್ನು ನೋಡಿ. ಅಲ್ಲಿ ಬೊಂಬೆಯ ಕೈಕಾಲುಗಳನ್ನು ಹಗುರವಾದ ಪೊಣಿಕಿ ಮರದಲ್ಲಿ ಬೇರೆಬೇರೆಯಾಗಿ ಕೆತ್ತಿ, ಹುಣಿಸೆಬೀಜದ ಪುಡಿ ಹಾಗೂ ಮರದ ಹೊಟ್ಟಿನ ಅಂಟಿನಿಂದ ಕೂಡಿಸುತ್ತಾರೆ. ಕೈ ಮುರಿದರೆ ಮತ್ತೊಂದು ಕೈಯನ್ನು ಕೆತ್ತಬಹುದು.

ಆ ದಾರಿ ನಮಗೂ ತೆರೆದಿದೆ. ಟಿ-55 ಟ್ಯಾಂಕಿನ ಚಕ್ರದ ವ್ಯಾಸ 810 ಮಿಲಿಮೀಟರ್. 1/35ರ ಅಳತೆಯಲ್ಲಿ ಸುಮಾರು 23. ಉಳಿದ ಚಕ್ರದಿಂದ ಅಚ್ಚು ತೆಗೆದು ರಾಳ ಎರೆಯಬಹುದು, ಮರದಲ್ಲೂ ಕಡೆಯಬಹುದು. ಮೂಲಭಾಗವೇ ಬೇಕೆಂಬ ಸಂಗ್ರಾಹಕರ ಹಟಕ್ಕೂ ಅರ್ಥವಿದೆ. ಆದರೂ ಪೆಟ್ಟಿಗೆಯಲ್ಲೇ ಉಳಿದ ಟ್ಯಾಂಕಿಗಿಂತ, ಒಂದು ಚಕ್ರ ನಮ್ಮ ಕೈಯದಾದ ಟ್ಯಾಂಕೇ ಮೇಲು.