1952ರ ಆನೆ ಪೆಟ್ಟಿಗೆ



1789ರಾಗ ಅಮೆರಿಕದ ಮೊದಲ ಅಧ್ಯಕ್ಷ ಚುನಾವಣೆ. ಅಲ್ಲಿನ ಸಂವಿಧಾನ ಐದು ಗುಲಾಮರನ್ನ ಮೂರು ಜನ ಅಂತ ಎಣಿಸಿತು, ಆ ಲೆಕ್ಕದ ಬಲ ಮಾಲೀಕರ ರಾಜ್ಯಕ್ಕೆ. ಗುಲಾಮರಿಗೆ ಮತ ಇಲ್ಲ.

ನಮ್ಮ ಬಳಿಚಕ್ರ ಹೈದರಾಬಾದ್ ರಾಜ್ಯದಾಗಿದ್ದಾಗ, 1952ರಲ್ಲಿ, 21 ತುಂಬಿದ ಹೊಲೆಯರು, ಮಾದಿಗರು, ಗಂಡಸು, ಹೆಂಗಸು ಎಲ್ಲರಿಗೂ ಒಂದೇ ಸಲಕ್ಕೆ ಮತ ಬಂತು. ಓದು ಬರಲಿ ಬಿಡಲಿ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಅದರ ಮ್ಯಾಲೆ ಚಿಹ್ನೆ. ಬಾಬಾಸಾಹೇಬರ ಷೆಡ್ಯೂಲ್ಡ್ ಕಾಸ್ಟ್ಸ್ ಫೆಡರೇಷನ್‌ದು ಆನೆ. 175 ಸೀಟಿನ ವಿಧಾನಸಭೆಯಲ್ಲಿ ಫೆಡರೇಷನ್ ಗೆದ್ದದ್ದು ಬರೀ 5. ಬಾಬಾಸಾಹೇಬರೇ ಮುಂಬೈಯಲ್ಲಿ ಸೋತ ಚುನಾವಣೆ ಅದು!

"ಮೀಸಲು ಸೀಟು ಇದ್ವಲ್ಲ" ಅಂತೀರಿ. ಇದ್ದವು. ಆದರೆ ಅಲ್ಲಿ ಮತ ಹಾಕೋರು ಊರಿನ ಎಲ್ಲರೂ. ಕೇರಿಗೆ ಬೇಕಾದವನಿಗಿಂತ ಗೌಡರಿಗೆ ಒಪ್ಪಿದವನು ಗೆಲ್ಲೋದು ಸುಲಭ. 1932ರ ಪೂನಾ ಒಪ್ಪಂದದಾಗ ನಾವು ಕಳಕೊಂಡದ್ದು ಇದನ್ನೇ, ಅಂತ ನನ್ನ ಅಭಿಪ್ರಾಯ. ಇವತ್ತಿಗೂ ಮೀಸಲು ಕ್ಷೇತ್ರದ ಟಿಕೆಟ್ ಯಾರ ಮನಿ ಕಟ್ಟಿ ಮ್ಯಾಲೆ ತೀರ್ಮಾನ ಆಗ್ತದ, ನೋಡ್ರಿ.

ನಿಮ್ಮ ಕೇರಿಯಾಗ ಆವತ್ತು ಮತ ಹಾಕಿದ ಆಯಿ, ಮುತ್ಯಾ ಇನ್ನೂ ಇದ್ರ, ಯಾವ ಪೆಟ್ಟಿಗೆಗೆ ಹಾಕಿದ್ರಿ, ಹಂಗ ಹಾಕ್ರಿ ಅಂತ ಯಾರು ಹೇಳಿದ್ರು, ಕೇಳಿ ಬರೆದಿಡ್ರಿ. ಅವರಿಗೆ ಈಗ 95ರ ಹತ್ತಿರ ವಯಸ್ಸು. ಈ ವಾರವೇ ಹೋಗ್ರಿ.