ವಾಲೇಸ್ ಎತ್ತಿದ ಪ್ರಶ್ನೆ, ಒಂದೂವರೆ ಶತಮಾನದ ಮೇಲೆ

1869ರ ಏಪ್ರಿಲ್‌ನ ‘ಕ್ವಾರ್ಟರ್ಲಿ ರಿವ್ಯೂ’ ಸಂಚಿಕೆಯಲ್ಲಿ ಆಲ್ಫ್ರೆಡ್ ರಸೆಲ್ ವಾಲೇಸ್‌ನ ದೀರ್ಘ ಲೇಖನವೊಂದು ಬಂತು. ಮೇಲುನೋಟಕ್ಕೆ ಅದು ಭೂವಿಜ್ಞಾನಿ ಚಾರ್ಲ್ಸ್ ಲಯಲ್‌ನ ಪುಸ್ತಕಗಳ ವಿಮರ್ಶೆ. ಕೊನೆಯ ಪುಟಗಳಿಗೆ ಬರುವ ಹೊತ್ತಿಗೆ ವಾಲೇಸ್ ಮನುಷ್ಯನ ಮಿದುಳಿನ ಮಾತೆತ್ತಿದ್ದ. ನೈಸರ್ಗಿಕ ಆಯ್ಕೆಯೊಂದೇ ಇದನ್ನು ರೂಪಿಸಿರಲಾರದು, ಇದರ ಹಿಂದೆ ಮೇಲಿನ ಯಾವುದೋ ಬುದ್ಧಿಶಕ್ತಿ ಕೆಲಸ ಮಾಡಿರಬೇಕು ಎಂದು ಬರೆದಿದ್ದ. ಓದುತ್ತ ಕೂತ ಚಾರ್ಲ್ಸ್ ಡಾರ್ವಿನ್ ತನ್ನ ಪ್ರತಿಯ ಅಂಚಿನಲ್ಲಿ ‘ಇಲ್ಲ’ ಎಂದು ಬರೆದ. ಅದರ ಕೆಳಗೆ ಮೂರು ಗೆರೆ ಎಳೆದು, ಮುಂದೆ ಸಾಲಾಗಿ ಆಶ್ಚರ್ಯಸೂಚಕ ಚಿಹ್ನೆಗಳನ್ನು ಹಾಕಿದ.

ಬರೆದವನು ಯಾರೋ ಪಾದ್ರಿಯಾಗಿದ್ದರೆ ಡಾರ್ವಿನ್ ಇಷ್ಟು ಕಂಗೆಡುತ್ತಿರಲಿಲ್ಲ. ನೈಸರ್ಗಿಕ ಆಯ್ಕೆಯ ತತ್ವವನ್ನು ಸ್ವತಂತ್ರವಾಗಿ ಕಂಡುಕೊಂಡ ಇನ್ನೊಬ್ಬನೇ ಈ ವಾಲೇಸ್. 1858ರ ಫೆಬ್ರವರಿಯಲ್ಲಿ, ಈಗಿನ ಇಂಡೊನೇಷ್ಯಾದ ಮಲುಕು ದ್ವೀಪಗಳಲ್ಲಿ ಚಳಿಜ್ವರ ಹಿಡಿದು ಮಲಗಿದ್ದಾಗ ಅವನಿಗೆ ಆ ವಿಚಾರ ಹೊಳೆದಿತ್ತು. ಅದನ್ನು ಬರೆದು ಅಂಚೆಯಲ್ಲಿ ಕಳಿಸಿದ್ದು ಡಾರ್ವಿನ್ನನಿಗೇ. ಆ ಜುಲೈ 1ರಂದು ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಇಬ್ಬರ ಬರಹಗಳನ್ನೂ ಒಟ್ಟಿಗೆ ಓದಲಾಯಿತು. ಇಂಥವನು ಮನುಷ್ಯನ ವಿಷಯದಲ್ಲಿ ಹಿಂದೆ ಸರಿಯುತ್ತಿದ್ದಾನೆಂಬ ಸುಳಿವು ಸಿಕ್ಕಾಗಲೇ ಡಾರ್ವಿನ್ ಕಾಗದ ಬರೆದಿದ್ದ. ನಮ್ಮಿಬ್ಬರ ಕೂಸನ್ನು ನೀನೇ ಪೂರ್ತಿ ಕೊಂದುಹಾಕಿಲ್ಲ ತಾನೆ ಎಂಬ ಆತಂಕ ಅದರಲ್ಲಿತ್ತು.

ಆ ಲೇಖನಕ್ಕೆ ಈಗ ನೂರೈವತ್ತು ವರ್ಷ ದಾಟಿದೆ. ಮನುಷ್ಯನ ಬುದ್ಧಿಯನ್ನೂ ದೇವರ ಮೇಲಿನ ನಂಬಿಕೆಯನ್ನೂ ವಿಕಾಸವೊಂದೇ ವಿವರಿಸಬಲ್ಲದೇ ಎಂಬ ಪ್ರಶ್ನೆ ಇವತ್ತಿಗೂ ವೇದಿಕೆಗಳ ಮೇಲೆ ಬರುತ್ತಲೇ ಇದೆ. ಬಂದಾಗಲೆಲ್ಲ ಎರಡೂ ಕಡೆಯವರು ಎದುರಿನವರನ್ನು ಮೂಢರೆಂದು ಕರೆದು ಎದ್ದುಹೋಗುತ್ತಾರೆ. ಈ ನಡುವೆ ಕೂಡಿಬಂದ ಪುರಾವೆಗಳನ್ನು ಎದುರಿಗಿಟ್ಟುಕೊಂಡು ನೋಡಿದರೆ ವಾಲೇಸನ ಪ್ರಶ್ನೆಯ ಒಂದು ಭಾಗ ತೀರ್ಮಾನವಾಗಿದೆ, ಇನ್ನೊಂದು ಭಾಗ ಆಗಿಲ್ಲ. ಎರಡನ್ನೂ ಬೆರೆಸಿ ಮಾತಾಡುವುದೇ ಗದ್ದಲದ ಮೂಲ ಎಂಬುದು ನಮ್ಮ ಅಭಿಪ್ರಾಯ.

ಮೊದಲು ವಾಲೇಸನಿಗೆ ನ್ಯಾಯ ಸಲ್ಲಿಸಬೇಕು. ಬಡತನದಿಂದ ಹದಿನಾಲ್ಕರ ಹೊತ್ತಿಗೇ ಶಾಲೆ ಬಿಟ್ಟವನು, ಅಮೆಜಾನಿನಲ್ಲಿ ನಾಲ್ಕು ವರ್ಷ, ಮಲಯ ದ್ವೀಪಸಮೂಹದಲ್ಲಿ ಎಂಟು ವರ್ಷ ಕಳೆದವನು. ಕಾಡಿನ ಜನರ ನಡುವೆ ಬಾಳಿದ ಅವನಿಗೆ, ಅವರ ಮಿದುಳು ಯುರೋಪಿನ ಪಂಡಿತರ ಮಿದುಳಿಗಿಂತ ಹೆಚ್ಚೇನೂ ಕಡಿಮೆಯದಲ್ಲವೆಂದು ಮನವರಿಕೆಯಾಗಿತ್ತು. ಆ ಕಾಲದ ಬಿಳಿಯ ವಿದ್ವಾಂಸನೊಬ್ಬ ಹಾಗೆ ಹೇಳುವುದು ಸಣ್ಣ ಮಾತಲ್ಲ. ಅವನ ಪ್ರಶ್ನೆ ಹುಟ್ಟಿದ್ದೂ ಅಲ್ಲಿಂದಲೇ. ನೈಸರ್ಗಿಕ ಆಯ್ಕೆ ಆ ಹೊತ್ತಿನ ಬದುಕಿಗೆ ಬೇಕಾದಷ್ಟನ್ನೇ ಕೊಡುತ್ತದೆ. ಬೇಟೆಯಾಡಿ ಗೆಡ್ಡೆ ಅಗೆದು ಬದುಕಲು ವಾನರನಿಗಿಂತ ತುಸು ಹೆಚ್ಚಿನ ಮಿದುಳು ಸಾಕು. ಹಾಗಿದ್ದಮೇಲೆ ಗಣಿತ, ಸಂಗೀತ, ಧರ್ಮಾಧರ್ಮ ವಿವೇಚನೆ ಎಲ್ಲಕ್ಕೂ ಒದಗುವಂಥ ಮಿದುಳು ಅವರಿಗೆ ಮುಂಚಿತವಾಗಿಯೇ ಬಂದದ್ದು ಎಲ್ಲಿಂದ? 1889ರಲ್ಲಿ ಅವನು ‘ಡಾರ್ವಿನಿಸಂ’ ಎಂದೇ ಹೆಸರಿಟ್ಟು ಬರೆದ ಪುಸ್ತಕದ ಕೊನೆಯ ಅಧ್ಯಾಯವೂ ಇದೇ ಪ್ರಶ್ನೆಯನ್ನು ಹಿಡಿದಿದೆ.

ಆಗ ಉತ್ತರ ಹೇಳಲು ಸಾಮಗ್ರಿಯೇ ಇರಲಿಲ್ಲ. ಪ್ರಾಚೀನ ಮಾನವನ ಪಳೆಯುಳಿಕೆಯೆಂದು ಕೈಯಲ್ಲಿದ್ದದ್ದು ನಿಯಾಂಡರ್ತಾಲನದ್ದು, ಅದೂ ವಿವಾದದಲ್ಲಿತ್ತು. 1891ರಲ್ಲಿ, ವಾಲೇಸ್ ಓಡಾಡಿದ ಅದೇ ದ್ವೀಪಸಮೂಹದ ಜಾವಾದಲ್ಲಿ, ಯೂಜೀನ್ ಡುಬ್ವಾನಿಗೆ ಹೋಮೋ ಇರೆಕ್ಟಸ್‌ನ ತಲೆಬುರುಡೆಯ ಭಾಗ ಸಿಕ್ಕಿತು. 1974ರಲ್ಲಿ ಇಥಿಯೋಪಿಯಾದಲ್ಲಿ ‘ಲೂಸಿ’ ಸಿಕ್ಕಳು. ಸುಮಾರು 32 ಲಕ್ಷ ವರ್ಷ ಹಿಂದಿನ ಅವಳ ಜಾತಿಯವರು ಎರಡು ಕಾಲಲ್ಲಿ ನಡೆಯುತ್ತಿದ್ದರೂ ಅವರ ಮಿದುಳು ಚಿಂಪಾಂಜಿಯದಕ್ಕಿಂತ ಹೆಚ್ಚೇನೂ ದೊಡ್ಡದಲ್ಲ. ಅಲ್ಲಿಂದ ಹೋಮೋ ಇರೆಕ್ಟಸ್‌ನ ಸುಮಾರು 900 ಘನ ಸೆಂಟಿಮೀಟರ್, ಅಲ್ಲಿಂದ ನಮ್ಮ ಸುಮಾರು 1,350. ನಡುವಿನ ಹಂತಗಳು ಒಂದೊಂದಾಗಿ ತುಂಬುತ್ತ ಬಂದಿವೆ. ಒಮ್ಮೆಗೇ ಮೇಲಿಂದ ಇಳಿದ ಮಿದುಳಿನ ಗುರುತು ಎಲ್ಲೂ ಸಿಕ್ಕಿಲ್ಲ.

ನಮ್ಮ ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯಲ್ಲೂ ಈ ಕಥೆಯ ಒಂದು ಪುಟವಿದೆ. ಅಲ್ಲಿನ ಇಸಾಂಪುರದಲ್ಲಿ ಕೆ. ಪದ್ದಯ್ಯ ಮತ್ತು ಸಂಗಡಿಗರು ಅಗೆದು ತೋರಿಸಿದ್ದು ಹಳೆ ಶಿಲಾಯುಗದವರ ಕಲ್ಲುಗಣಿ. ಸುಣ್ಣಕಲ್ಲಿನ ಚಪ್ಪಡಿಗಳನ್ನು ಅಲ್ಲೇ ಆರಿಸಿ, ಅಲ್ಲೇ ಒಡೆದು, ಕೈಕೊಡಲಿ ಮಾಡಿಕೊಂಡಿದ್ದಾರೆ. ಆ ನೆಲೆಗೆ ಸುಮಾರು 12 ಲಕ್ಷ ವರ್ಷವೆಂಬ ಕಾಲನಿರ್ಣಯವಿದೆ. ಆಗ ನಮ್ಮ ಜಾತಿಯ ಮನುಷ್ಯ ಭೂಮಿಯ ಮೇಲೆ ಇರಲೇ ಇಲ್ಲ. ಯಾವ ಚಪ್ಪಡಿ ಕೆಲಸಕ್ಕೆ ಬರುತ್ತದೆ, ಯಾವ ಅಂಚಿಗೆ ಏಟು ಹಾಕಿದರೆ ಎಂಥ ಚಕ್ಕೆ ಏಳುತ್ತದೆ ಎಂಬ ಮುಂದಾಲೋಚನೆ ನಮಗಿಂತ ಬಲು ಹಿಂದೆಯೇ ಮೊದಲಾಗಿತ್ತು.

ಇನ್ನು ‘ತುಸು ಹೆಚ್ಚಿನ ಮಿದುಳು ಸಾಕು’ ಎಂಬ ಮಾತು. ನಮ್ಮ ಮಿದುಳು ದೇಹದ ತೂಕದಲ್ಲಿ ಶೇ. 2ರಷ್ಟು. ಆದರೆ ವಿಶ್ರಾಂತಿಯಲ್ಲಿದ್ದಾಗಲೂ ದೇಹದ ಶಕ್ತಿಯಲ್ಲಿ ಶೇ. 20ರಷ್ಟನ್ನು ಅದೇ ತಿನ್ನುತ್ತದೆ. ಇಷ್ಟು ದುಬಾರಿ ಅಂಗ ಬೇಟೆಗಾರರ ಬಾಳಿನಲ್ಲಿ ಉಳಿದು ಬೆಳೆದಿದೆಯೆಂದರೆ ಅದಕ್ಕೆ ಅಲ್ಲಿ ಕೈತುಂಬ ಕೆಲಸವಿತ್ತು ಎಂದೇ ಅರ್ಥ. ಹೆಜ್ಜೆ ಜಾಡು ಓದುವುದು, ವಿಷದ ಗೆಡ್ಡೆಯನ್ನು ಹದಮಾಡಿ ತಿನ್ನುವುದು, ನಂಟು ಹಗೆಗಳನ್ನು ತಲೆಮಾರುಗಟ್ಟಲೆ ನೆನಪಿಡುವುದು, ಇವೆಲ್ಲಕ್ಕೂ ಬೇಕಾದ ಮಾತು: ಇವನ್ನೆಲ್ಲ ಕಣ್ಣಾರೆ ಕಂಡಿದ್ದ ವಾಲೇಸ್ ಇವುಗಳ ಭಾರವನ್ನು ಕಡಿಮೆ ಅಂದಾಜು ಮಾಡಿದ.

ಗಣಿತ, ಸಂಗೀತಗಳ ಮಾತೇನು? ಇದಕ್ಕೆ ಓದು ಒಳ್ಳೆಯ ಸಾಕ್ಷಿ. ಬರವಣಿಗೆ ಹುಟ್ಟಿ ಐದು ಸಾವಿರ ವರ್ಷಗಳ ಮೇಲೆ ಸ್ವಲ್ಪ ಆಗಿರಬಹುದು. ಅಷ್ಟರಲ್ಲಿ ಓದಿಗೆಂದೇ ಮಿದುಳಿನಲ್ಲಿ ಹೊಸ ಭಾಗ ವಿಕಾಸವಾಗಲು ಸಾಧ್ಯವಿಲ್ಲ. ಆದರೂ ಯಾವ ಲಿಪಿ ಬಲ್ಲವರನ್ನೇ ನೋಡಿ, ಅಕ್ಷರ ಕಂಡಾಗ ಎಡ ಮಿದುಳಿನ ಕೆಳಬದಿಯ ಹೆಚ್ಚುಕಡಿಮೆ ಒಂದೇ ಜಾಗ ಚುರುಕಾಗುತ್ತದೆ. ಈ ಸಾಲು ಓದುತ್ತಿರುವ ನಿಮ್ಮಲ್ಲೂ ಅಷ್ಟೆ. ಓದು ಬಾರದವರಲ್ಲಿ ಅದೇ ಜಾಗ ಮುಖಗಳನ್ನೂ ವಸ್ತುಗಳನ್ನೂ ಗುರುತಿಸಲು ದುಡಿಯುತ್ತದೆ ಎಂದು ಸ್ಟಾನಿಸ್ಲಾಸ್ ದೆಹೆನ್ ಮತ್ತು ಜೊತೆಯವರು 2010ರಲ್ಲಿ ತೋರಿಸಿದರು. ಬೇರೆ ಕೆಲಸಕ್ಕೆ ಬೆಳೆದ ಭಾಗವನ್ನು ಕಲಿಕೆ ತನ್ನ ಕೆಲಸಕ್ಕೆ ಹಚ್ಚಿಕೊಳ್ಳುತ್ತದೆ. ಒಬ್ಬರು ಕಂಡುಕೊಂಡದ್ದನ್ನು ಇನ್ನೊಬ್ಬರು ಕಲಿತು, ಅದಕ್ಕೆ ತಮ್ಮದನ್ನೂ ಸೇರಿಸಿ ಮುಂದಿನವರಿಗೆ ಕಲಿಸುವುದು ಬೇರೆ ಪ್ರಾಣಿಗಳಲ್ಲಿ ಈ ಪ್ರಮಾಣದಲ್ಲಿಲ್ಲ. ‘ವಿಕಾಸವೊಂದೇ ಸಾಕೇ?’ ಎಂದರೆ, ವಂಶವಾಹಿಗಳಷ್ಟೇ ಸಾಲವು, ಕಲಿಕೆಯ ಪರಂಪರೆಯೂ ಸೇರಬೇಕು. ವಾಲೇಸ್ ಕಂಡ ಕೊರತೆ ನಿಜವಾದದ್ದೇ. ಅದನ್ನು ತುಂಬಿದ್ದು ಗುರುಶಿಷ್ಯರ ಸರಪಳಿ, ಅವನು ಊಹಿಸಿದ ಚೇತನವಲ್ಲ.

1857ರಲ್ಲಿ ವಾಲೇಸ್ ಸುಲಾವೆಸಿಯ ಮಾರೋಸ್ ಸೀಮೆಯಲ್ಲಿ ಚಿಟ್ಟೆ ಹಿಡಿಯುತ್ತ ಕೆಲವು ತಿಂಗಳು ಇದ್ದ. ಸುತ್ತಲೂ ಕಡಿದಾದ ಸುಣ್ಣಕಲ್ಲಿನ ಬೆಟ್ಟಗಳು. ಆ ಬೆಟ್ಟಸಾಲಿನ ಒಂದು ಗುಹೆಯ ಗೋಡೆಯಲ್ಲಿ ಕಡುಗೆಂಪು ಬಣ್ಣದ ಚಿತ್ರವೊಂದಿದೆ: ಕಾಡುಹಂದಿಗಳು, ಕುಳ್ಳ ಕಾಡೆಮ್ಮೆಗಳು, ಅವುಗಳ ಎದುರು ಈಟಿಯೋ ಹಗ್ಗವೋ ಹಿಡಿದಂತೆ ಕಾಣುವ ಪುಟ್ಟ ಆಕೃತಿಗಳು. ಮೈ ಮನುಷ್ಯನದು. ಒಂದಕ್ಕೆ ಹಕ್ಕಿಯ ಮುಖದಂಥದ್ದು, ಇನ್ನೊಂದಕ್ಕೆ ಬಾಲದಂಥದ್ದು. ಬಣ್ಣದ ಮೇಲೆ ಕಟ್ಟಿದ ಸುಣ್ಣದ ಹರಳನ್ನು ಅಳೆದು, ಚಿತ್ರಕ್ಕೆ ಕನಿಷ್ಠ 43,900 ವರ್ಷವಾಗಿದೆಯೆಂದು 2019ರಲ್ಲಿ ಪ್ರಕಟಿಸಲಾಯಿತು. ಎಲ್ಲವೂ ಒಂದೇ ಬೇಟೆಯ ದೃಶ್ಯವೇ ಎಂಬ ಚರ್ಚೆ ಇದೆ. ಅದು ಹಾಗಿರಲಿ, ಲೋಕದಲ್ಲಿ ಎಲ್ಲೂ ಇಲ್ಲದ ಜೀವಿಯನ್ನು ಮನಸ್ಸಿನಲ್ಲಿ ಕಟ್ಟಿ ಬಂಡೆಯ ಮೇಲೆ ಬರೆಯುವ ಶಕ್ತಿ ಆ ಹೊತ್ತಿಗಾಗಲೇ ಮನುಷ್ಯನಿಗೆ ಬಂದಿತ್ತು. ಕಾಣದವರನ್ನು ನಂಬುವುದಕ್ಕೂ ಅದೇ ಶಕ್ತಿ ಬೇಕು.

ನಂಬಿಕೆಯ ಮೂಲ ಕುರಿತು ಡಾರ್ವಿನ್ 1871ರ ತನ್ನ ಪುಸ್ತಕದಲ್ಲಿ ಒಂದು ಪುಟ್ಟ ಘಟನೆ ಹೇಳುತ್ತಾನೆ. ಹುಲ್ಲುಹಾಸಿನ ಮೇಲೆ ಬಿಚ್ಚಿಟ್ಟ ಕೊಡೆ ಗಾಳಿಗೆ ಅಲುಗಿದಾಗಲೆಲ್ಲ ಅವನ ನಾಯಿ ಗುರ್ರೆನ್ನುತ್ತಿತ್ತಂತೆ. ಕಾರಣ ಕಾಣದ ಚಲನೆಯ ಹಿಂದೆ ಯಾರೋ ಇದ್ದಾರೆಂದು ಅದು ಎಣಿಸಿರಬೇಕು ಎಂಬುದು ಅವನ ಊಹೆ. ಪಾಸ್ಕಲ್ ಬಾಯರ್, ಜಸ್ಟಿನ್ ಬ್ಯಾರೆಟ್ ಮುಂತಾದವರು ಆ ಊಹೆಯನ್ನು ನಮ್ಮ ಕಾಲದಲ್ಲಿ ಮನಶ್ಶಾಸ್ತ್ರದ ಸಿದ್ಧಾಂತವಾಗಿ ಬೆಳೆಸಿದ್ದಾರೆ. ತಪ್ಪುಒಪ್ಪು ನೋಡುವ ದೇವರ ಕಲ್ಪನೆಯಿಂದಲೇ ದೊಡ್ಡ ಸಮಾಜಗಳು ಕೂಡಿ ಬಾಳಿದವು ಎನ್ನುವವರೂ ಇದ್ದಾರೆ. ಅದನ್ನು ಪರೀಕ್ಷಿಸಿ, ಮೊದಲು ಬಂದದ್ದು ದೊಡ್ಡ ಸಮಾಜ, ಆಮೇಲೆ ಅಂಥ ದೇವರು ಎಂದು 2019ರಲ್ಲಿ ‘ನೇಚರ್’ನಲ್ಲಿ ಬಂದ ಪ್ರಬಂಧವನ್ನು 2021ರಲ್ಲಿ ಲೇಖಕರೇ ಹಿಂಪಡೆಯಬೇಕಾಯಿತು. ಮಾಹಿತಿಯೇ ಸಿಗದ ಕಡೆ ‘ದೇವರಿರಲಿಲ್ಲ’ ಎಂದು ಲೆಕ್ಕಕ್ಕೆ ಹಿಡಿದಿದ್ದರು. ಮೂಳೆಗಳ ವಿಷಯದಲ್ಲಿ ಇರುವಷ್ಟು ಗಟ್ಟಿ ನೆಲ ಇಲ್ಲಿಲ್ಲ. ವಿಕಾಸವಾದಿಗಳು ಇದನ್ನು ಒಪ್ಪಿಕೊಂಡರೆ ಅವರ ಮಾತಿಗೆ ತೂಕ ಬರುತ್ತದೆ.

ಈ ಸಿದ್ಧಾಂತಗಳು ನಾಳೆ ಪೂರ್ತಿ ಸಾಬೀತಾದವು ಎಂದಿಟ್ಟುಕೊಳ್ಳೋಣ. ಆಗಲೂ ಮನುಷ್ಯ ದೇವರನ್ನು ಯಾಕೆ ನಂಬುತ್ತಾನೆ ಎಂಬುದಷ್ಟೇ ಗೊತ್ತಾಗುತ್ತದೆ. ದೇವರಿದ್ದಾನೆಯೇ ಎಂಬುದು ಅದರಿಂದ ತೀರ್ಮಾನವಾಗದು. ಎಣಿಸುವ ಶಕ್ತಿಯೂ ವಿಕಾಸದಿಂದಲೇ ಬಂತು, ಅದರಿಂದ ಲೆಕ್ಕ ಸುಳ್ಳಾಗಲಿಲ್ಲ. ಇದರ ಇನ್ನೊಂದು ಮುಖ ಡಾರ್ವಿನ್ನನನ್ನೇ ಕಾಡಿತ್ತು. ಕೆಳಗಿನ ಪ್ರಾಣಿಗಳಿಂದ ಬೆಳೆದು ಬಂದ ಮನಸ್ಸಿನ ದೃಢನಂಬಿಕೆಗಳನ್ನು ಎಷ್ಟರಮಟ್ಟಿಗೆ ನೆಚ್ಚಬಹುದು ಎಂದು ಅವನು 1881ರಲ್ಲಿ ವಿಲಿಯಂ ಗ್ರಹಾಮ್‌ಗೆ ಬರೆದ. ಹತ್ತು ವರ್ಷದ ಮಗಳು ಆ್ಯನಿಯನ್ನು 1851ರಲ್ಲಿ ಕಳೆದುಕೊಂಡ ತಂದೆ ಅವನು. ಕ್ರೈಸ್ತ ನಂಬಿಕೆ ಅವನಲ್ಲಿ ಉಳಿಯಲಿಲ್ಲ. ಆದರೂ ಒಬ್ಬನೇ ದೈವಭಕ್ತನೂ ವಿಕಾಸವಾದಿಯೂ ಆಗಿರಬಹುದು ಎಂಬುದರಲ್ಲಿ ತನಗೆ ಅನುಮಾನವಿಲ್ಲವೆಂದು 1879ರಲ್ಲಿ ಬರೆದುಕೊಟ್ಟ. ಇಪ್ಪತ್ತನೆಯ ಶತಮಾನದ ದೊಡ್ಡ ವಿಕಾಸ ವಿಜ್ಞಾನಿಗಳಲ್ಲೊಬ್ಬನಾದ ಥಿಯೊಡೋಸಿಯಸ್ ಡಾಬ್ಝಾನ್ಸ್‌ಕಿ ಆಸ್ತಿಕನೇ ಆಗಿದ್ದ.

ಆಸ್ತಿಕರಿಗೂ ನಾವು ಹೇಳಬೇಕಾದ್ದಿದೆ. ವಿಜ್ಞಾನಕ್ಕೆ ಇನ್ನೂ ಉತ್ತರ ಸಿಗದ ಜಾಗದಲ್ಲೇ ದೇವರನ್ನು ಕೂರಿಸಿದರೆ, ಉತ್ತರ ಸಿಕ್ಕ ದಿನ ಅವನನ್ನು ಅಲ್ಲಿಂದ ಎಬ್ಬಿಸಬೇಕಾಗುತ್ತದೆ. ವಾಲೇಸನಿಗೆ ಆದದ್ದು ಇದೇ. ಉತ್ತರ ಸಿಗದ ಜಾಗ ಇವತ್ತಿಗೂ ಇದೆ, ಅದನ್ನು ಮುಚ್ಚಿಡುವುದು ಬೇಡ. ಮಿದುಳಿನ ಸುಮಾರು 8,600 ಕೋಟಿ ನರಕೋಶಗಳ ಚಟುವಟಿಕೆಯಿಂದ ‘ನಾನು’ ಎಂಬ ಅನುಭವ ಹೇಗೆ ಮೂಡುತ್ತದೆ? ಇನ್ನು 25 ವರ್ಷದಲ್ಲಿ ಇದರ ನರಮೂಲ ಗೊತ್ತಾಗುತ್ತದೆ ಎಂದು ಮಿದುಳು ವಿಜ್ಞಾನಿ ಕ್ರಿಸ್ಟಾಫ್ ಕಾಕ್ 1998ರಲ್ಲಿ ತತ್ವಜ್ಞಾನಿ ಡೇವಿಡ್ ಚಾಮರ್ಸ್ ಜೊತೆ ಪಂಥ ಕಟ್ಟಿದ್ದರು. 2023ರ ಜೂನ್‌ನಲ್ಲಿ, ಸೋತೆನೆಂದು ಒಪ್ಪಿ, ಮಾತು ಕೊಟ್ಟಂತೆ ವೈನ್ ಬಾಟಲಿಗಳನ್ನು ಒಪ್ಪಿಸಿದರು. ಮುಂದಿನ 25 ವರ್ಷಕ್ಕೆ ಪಂಥ ಹೊಸದಾಗಿ ಸಾಗಿದೆ.

ಅದೇ 2023ರಲ್ಲಿ ನಮ್ಮ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಪಾಠವನ್ನು ಕೈಬಿಟ್ಟಿತು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಪ್ರತಿಭಟಿಸಿ ಸಹಿ ಹಾಕಿದರು. ಹನ್ನೆರಡನೇ ತರಗತಿಯಲ್ಲಿ ಪಾಠ ಇದೆ ಎಂಬ ಸಮಜಾಯಿಷಿ ಬಂತು. ಅಲ್ಲಿ ಅದನ್ನು ಓದುವುದು ಜೀವಶಾಸ್ತ್ರ ತೆಗೆದುಕೊಂಡವರು ಮಾತ್ರ. ವಾಣಿಜ್ಯಕ್ಕೆ, ಕಲೆಗೆ, ಐಟಿಐಗೆ ಹೋಗುವ ಮಕ್ಕಳಿಗೆ ಹತ್ತನೇ ತರಗತಿಯೇ ಕೊನೆಯ ಅವಕಾಶ. ತೇಜಸ್ವಿಯವರು ‘ಮಿಸ್ಸಿಂಗ್ ಲಿಂಕ್’ನಂಥ ಪುಸ್ತಕವನ್ನು ಕನ್ನಡದಲ್ಲಿ ಬರೆದದ್ದು ಆ ಮಕ್ಕಳಂಥ ಓದುಗರಿಗಾಗಿಯೇ. ಹತ್ತನೇ ತರಗತಿಯಲ್ಲಿ ಈ ಪಾಠ ಇರಲೇಬೇಕು. ಅದರಲ್ಲಿ ಡಾರ್ವಿನ್ ಜೊತೆಗೆ ವಾಲೇಸನೂ ಇರಬೇಕು. ಅವನ ಪ್ರಶ್ನೆಯೂ, ಡಾರ್ವಿನ್ ಅಂಚಿನಲ್ಲಿ ಬರೆದ ‘ಇಲ್ಲ’ವೂ ಮಕ್ಕಳಿಗೆ ಕಾಣಬೇಕು.