ಕೈಗೆ ಮಣ್ಣು ಹತ್ತಿದೆಯೇ?

ಧಾರಾವಾಹಿ ನೋಡುವಾಗ ಮನೆಯ ಹೆಂಗಸರೆಲ್ಲ ಒಂದಾಗಿಬಿಡುತ್ತಾರೆ. ಅತ್ತೆ ಕೆಟ್ಟವಳು, ಸೊಸೆ ಪಾಪದವಳು, ಅಲ್ಲಿಗೆ ಮಾತು ಮುಗಿಯಿತು. ಆದರೆ ಟಿ.ವಿ.ಯಲ್ಲಿ ಕೈತೋಟದ ಕಾರ್ಯಕ್ರಮ ಬರಲಿ, ಅದೇ ಮನೆಯಲ್ಲಿ ನಾಲ್ಕು ಅಭಿಪ್ರಾಯಗಳು ಏಳುತ್ತವೆ. ಗಿಡದ ಬಗ್ಗೆ ಅಲ್ಲ, ಗಿಡ ತೋರಿಸುವವರ ಬಗ್ಗೆ. ಒಬ್ಬರಿಗೆ ಆ ನಿರೂಪಕಿಯ ಮಾತು ಇಷ್ಟ, ಇನ್ನೊಬ್ಬರಿಗೆ ಆಕೆಯ ಉಗುರಿನ ಬಣ್ಣ ಕಷ್ಟ. ಒಬ್ಬರಿಗೆ ವಿಜ್ಞಾನಿಯೇ ಬಂದು ಹೇಳಬೇಕು, ಇನ್ನೊಬ್ಬರಿಗೆ ವಿಜ್ಞಾನಿ ಬಾಯಿ ತೆರೆದರೆ ನಿದ್ದೆ.

ಇತ್ತೀಚೆಗೆ ಮದುವೆಯೊಂದರ ನೆಪದಲ್ಲಿ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಲ್ಲಿರುವ ನಮ್ಮ ಬಂಧುಗಳ ಮನೆಗಳಿಗೆ ಒಂದೊಂದು ದಿನ ಹೋಗಿಬರುವ ಅವಕಾಶ ಸಿಕ್ಕಿತು. ಎಲ್ಲ ಮನೆಗಳಲ್ಲೂ ಹಿತ್ತಲಿದೆ, ಎಲ್ಲ ಮನೆಗಳಲ್ಲೂ ಟಿ.ವಿ. ಇದೆ. ಹೀಗಾಗಿ ಮದುವೆಯ ಮಾತಿಗಿಂತ ಹೆಚ್ಚಾಗಿ ಈ ಮಾತೇ ಕಿವಿಗೆ ಬಿತ್ತು.

ಸವಣೂರಿನ ಖಾಲಾರಿಗೆ ಈಗ ಎಪ್ಪತ್ತು ದಾಟಿದೆ. ಸವಣೂರೆಂದರೆ ವೀಳ್ಯದೆಲೆಯ ಊರು. ಚೊಗಚೆ, ನುಗ್ಗೆ ಗಿಡಗಳಿಗೆ ಬಳ್ಳಿ ಹಬ್ಬಿಸಿ, ನೆರಳು ಎಷ್ಟು ಬಿಸಿಲು ಎಷ್ಟು ಎಂದು ಕಣ್ಣಳತೆಯಲ್ಲೇ ಹೇಳುವ ಜನ ಅಲ್ಲಿಯವರು. ಖಾಲಾರ ತವರಿನಲ್ಲೂ ಎಲೆತೋಟವಿತ್ತು. ಅವರು ಟಿ.ವಿ. ನಿರೂಪಕರನ್ನು ಅಳೆಯುವ ಕೋಲು ಒಂದೇ.

“ಆಕಿ ಮಾತಾಡೂದು ಚೆಂದ ಐತವ್ವ, ಸಕ್ಕರಿ ಸುರಿದಂಗ. ಆದ್ರ ಕೈ ನೋಡು. ಮಣ್ಣು ಹತ್ತಿದ ಕೈ ಏನದು? ಸಸಿ ಹಿಡದಾಳ, ಹೂವಿನ ಗುಚ್ಛ ಹಿಡದಂಗ!”

ಅವರ ಮೊಮ್ಮಗಳು ಬಿ.ಎಸ್ಸಿ. ಓದುತ್ತಿರುವವಳು. ಅವಳಿಗೆ ಅದೇ ನಿರೂಪಕಿ ಬಲು ಮೆಚ್ಚು. “ದಾದಿ, ಚಂದನದಾಗ ಬರೋ ಸರ್ ಎಲ್ಲಾ ‘ಪ್ರತಿ ಹೆಕ್ಟೇರಿಗೆ’ ಅಂತಾರ. ನಮ್ಮ ಹತ್ರ ಹೆಕ್ಟೇರ್ ಎಲ್ಲೈತಿ? ಈಕಿ ‘ಒಂದು ಚಮಚ’ ಅಂತಾಳ, ‘ಒಂದು ಮುಷ್ಟಿ’ ಅಂತಾಳ. ನನಗ ತಿಳಿತೈತಿ.”

ಇಬ್ಬರೂ ಹೇಳಿದ್ದು ಸರಿಯೇ. ಮೊಮ್ಮಗಳ ಮಾತಿನಲ್ಲಿರುವ ದೂರು ಹಳೆಯದು. ದೆಹಲಿ ದೂರದರ್ಶನದಲ್ಲಿ ಕೃಷಿದರ್ಶನ ಆರಂಭವಾದದ್ದು 1967ರ ಜನವರಿ 26ರಂದು, ದೆಹಲಿಯ ಸುತ್ತಲಿನ 80 ಹಳ್ಳಿಗಳಿಗಾಗಿ. ನಮ್ಮ ರಾಜ್ಯದ ಹಳ್ಳಿಗಳಿಗೆ ಟಿ.ವಿ. ಮೊದಲು ಬಂದದ್ದು 1975ರ ಆಗಸ್ಟ್‌ನಲ್ಲಿ, ಉಪಗ್ರಹದ ಮೂಲಕ. ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಆಯ್ದ ಹಳ್ಳಿಗಳಲ್ಲಿ ಸಾರ್ವಜನಿಕ ಜಾಗದಲ್ಲಿ ಒಂದು ಪೆಟ್ಟಿಗೆ ಇಟ್ಟರು. ಒಂದು ವರ್ಷ ನಡೆದ ಆ ಪ್ರಯೋಗದಲ್ಲಿ ಸಂಜೆ ಊರಿನವರೆಲ್ಲ ಸೇರಿ ಬೇಸಾಯದ ಮಾತು ಕೇಳಿದರು. ಆಗ ಇನ್ನೂ ಧಾರವಾಡ ಜಿಲ್ಲೆಗೆ ಸೇರಿದ್ದ ನಮ್ಮ ಕಡೆಯ ತಾಲೂಕುಗಳಿಗೆ ಆ ಭಾಗ್ಯ ಇರಲಿಲ್ಲ. ಇಲ್ಲಿಯವರಿಗೆ 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಯೇ ಗತಿ. ಬೆಂಗಳೂರು ದೂರದರ್ಶನ ಬಂದದ್ದು 1981ರಲ್ಲಿ. ಅಂದಿನಿಂದ ಇಂದಿನವರೆಗೆ ಈ ಕಾರ್ಯಕ್ರಮಗಳು ಬಾಯಿ ತೆರೆಯುವುದು “ರೈತ ಬಾಂಧವರೇ” ಎಂದು. ಹಿತ್ತಲಿನಲ್ಲಿ ಹತ್ತು ಬದನೆ ಗಿಡ, ಒಂದು ಕರಿಬೇವು, ಒಂದು ಮೆಹಂದಿ, ಒಂದಿಷ್ಟು ಪುದೀನ ಬೆಳೆಸುವ ಹೆಂಗಸು ಈ ಬಾಂಧವರಲ್ಲಿ ಬರುವುದಿಲ್ಲ. ಖಾಸಗಿ ಚಾನೆಲ್‌ಗಳಲ್ಲಿ ಕೈತೋಟದ ಕಾರ್ಯಕ್ರಮ ಬಂದಾಗ ಮೊದಲ ಬಾರಿಗೆ ಯಾರೋ ನಮ್ಮನ್ನೇ ನೋಡಿ ಮಾತಾಡಿದಂತಾಯಿತು. ಆ ನಿರೂಪಕಿಯರ ಮೇಲೆ ಹುಡುಗಿಯರಿಗಿರುವ ಪ್ರೀತಿಗೆ ಇದೇ ಕಾರಣವೆಂದು ನನಗೆ ತೋರುತ್ತದೆ.

ಆದರೆ ಖಾಲಾರ ಮಾತಿನಲ್ಲಿರುವ ದೂರು ಇನ್ನೂ ಆಳದ್ದು. ಕೈಗೆ ಮಣ್ಣು ಹತ್ತಿದೆಯೋ ಇಲ್ಲವೋ, ಯಾವ ಮಣ್ಣು ಎಂಬುದೇ ಮುಖ್ಯ. ಸವಣೂರಿನದು ಎರೆಮಣ್ಣು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು, ಮಳೆಗಾಲದಲ್ಲಿ ಕಾಲಿಟ್ಟರೆ ಚಪ್ಪಲಿ ಅಲ್ಲೇ. ಅದು ನೀರು ಹಿಡಿದಿಟ್ಟುಕೊಳ್ಳುವ ಮಣ್ಣು. ಅಂಥ ಮಣ್ಣಿನಲ್ಲಿ “ದಿನಾ ಎರಡು ಹೊತ್ತು ನೀರು ಹಾಕಿ” ಎಂದರೆ ಬೇರು ಕೊಳೆಯದೆ ಇರುತ್ತದೆಯೇ? ಸವಣೂರಿನಿಂದ ಹಾನಗಲ್ಲಿಗೆ ಏನು ಮಹಾ ದೂರ! ಆದರೆ ಹಾನಗಲ್ಲು ಮಲೆನಾಡಿನ ಅಂಚು. ಭತ್ತದ ಗದ್ದೆ, ಮಾವಿನ ತೋಪು, ಜುಲೈ ಬಂತೆಂದರೆ ಬಿಡದ ಜಡಿಮಳೆ. ಹಾನಗಲ್ಲಿನ ನಮ್ಮ ಭಾಭಿ ಮಳೆಗಾಲದಲ್ಲಿ ಮೆಣಸಿನ ಕುಂಡಗಳನ್ನು ಸೂರಿನ ಒಳಗೆ ಎಳೆದಿಡುತ್ತಾರೆ. ಅವರಿಗೆ ಬೇಕಾದದ್ದು ನೀರು ಹಾಕುವ ವಿದ್ಯೆಯಲ್ಲ, ನೀರು ಹೊರಗೆ ಹಾಕುವ ವಿದ್ಯೆ. ಒಂದೇ ಜಿಲ್ಲೆ, ಪಕ್ಕಪಕ್ಕದ ತಾಲೂಕು, ಎರಡು ಬೇರೆ ತೋಟ!

ಬಹುತೇಕ ಕಾರ್ಯಕ್ರಮಗಳು ಚಿತ್ರೀಕರಣವಾಗುವುದು ಬೆಂಗಳೂರಿನ ತಾರಸಿಗಳ ಮೇಲೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ, ನಮ್ಮ ಹಾವೇರಿ ಕಡೆ 600 ಮೀಟರಿನ ಆಸುಪಾಸು. ಅಲ್ಲಿಯ ತಂಪು ಇಲ್ಲಿಲ್ಲ. ಟೊಮೆಟೊ ಗಿಡಕ್ಕೆ ಹಗಲಿನ ಬಿಸಿ 35 ಡಿಗ್ರಿ ದಾಟಿದರೆ ಹೂವು ಕಾಯಿ ಕಚ್ಚುವುದಿಲ್ಲ, ಉದುರಿಹೋಗುತ್ತದೆ. ಏಪ್ರಿಲ್‌ನಲ್ಲಿ ಸವಣೂರಿನ ತಾರಸಿಯ ಮೇಲೆ ಅಷ್ಟು ಬಿಸಿಲು ಇದ್ದೇ ಇರುತ್ತದೆ. ಇದನ್ನು ಹೇಳದೆ “ವರ್ಷಪೂರ್ತಿ ಟೊಮೆಟೊ” ಎಂದು ನಗುವ ನಿರೂಪಕರನ್ನು ಭಾಭಿ ನಂಬುವುದಿಲ್ಲ. “ಅವರ ಗಿಡದಾಗ ಒಂದು ಹಣ್ಣೆಲಿನೂ ಇರೂದಿಲ್ಲ ನೋಡ್ರಿ ಆಪಾ, ಒಂದು ಹುಳಾನೂ ಇರೂದಿಲ್ಲ. ಹುಳ ಇಲ್ಲದ ಬದನಿಕಾಯಿ ನಾ ಎಲ್ಲೂ ನೋಡಿಲ್ಲ” ಎನ್ನುತ್ತಾರೆ. ಹಣ್ಣೆಲೆಯನ್ನು ಕಿತ್ತು ಹಾಕಿ ಕ್ಯಾಮೆರಾ ಇಟ್ಟಿರುತ್ತಾರೆ ಎಂಬುದು ಅವರ ಗುಮಾನಿ. ಇದ್ದರೂ ಇರಬಹುದು!

ಹಿರೇಕೆರೂರಿಗೆ ಹೋದಾಗ ಮಾತು ನಗೆಯಲ್ಲಿ ಮುಗಿಯಲಿಲ್ಲ. ಅಲ್ಲಿ ನಮ್ಮ ದೂರದ ಸಂಬಂಧದ ಸೋದರಿಯೊಬ್ಬರಿದ್ದಾರೆ. ಹೊಲಿಗೆಯಿಂದ ಬಂದ ಹಣದಲ್ಲಿ ಸ್ವಲ್ಪ ಕೂಡಿಟ್ಟಿದ್ದರು. ಟಿ.ವಿ. ಕಾರ್ಯಕ್ರಮವೊಂದರಲ್ಲಿ ನಿರೂಪಕರು ಮಣ್ಣೇ ಬೇಡ, ತೆಂಗಿನ ನಾರಿನ ಪುಡಿಯಲ್ಲೇ ತರಕಾರಿ ಬೆಳೆಯಬಹುದು ಎಂದು ಬಹಳ ಸೊಗಸಾಗಿ ತೋರಿಸಿದರಂತೆ. ಈಕೆ ಕೋಕೋಪೀಟ್ ಇಟ್ಟಿಗೆಗಳು, ಬೆಳೆಸುವ ಚೀಲಗಳು, ದುಬಾರಿ ಬೀಜದ ಪೊಟ್ಟಣಗಳು, ಎಲ್ಲ ತರಿಸಿದರು. ಎರಡು ಸಾವಿರದ ಮೇಲೆ ಖರ್ಚು. ಸಸಿ ಚೆನ್ನಾಗಿಯೇ ಮೊಳೆಯಿತು. ಮೂರು ವಾರಕ್ಕೆ ಹಳದಿ. ಐದನೇ ವಾರಕ್ಕೆ ಚೀಲ ಖಾಲಿ.

ಆದದ್ದಿಷ್ಟು: ನಾರಿನ ಪುಡಿಯಲ್ಲಿ ನೀರು ಹಿಡಿಯುವ ಗುಣವಿದೆ, ಗಿಡಕ್ಕೆ ಊಟವಿಲ್ಲ. ಅದರಲ್ಲಿ ಉಪ್ಪಿನಂಶ ಇರುವುದರಿಂದ ಮೊದಲು ಎರಡು ಮೂರು ಸಲ ತೊಳೆಯಬೇಕು. ಎರೆಗೊಬ್ಬರವನ್ನೋ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನೋ ಬೆರೆಸಬೇಕು. ಆ ನಿರೂಪಕರು ಇದನ್ನು ಹೇಳಲೇ ಇಲ್ಲವೆಂದಲ್ಲ. ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋಗಿದ್ದಾರೆ. ಇಟ್ಟಿಗೆ ನೀರಿನಲ್ಲಿ ಉಬ್ಬುವುದನ್ನು ಮಾತ್ರ ಎರಡು ನಿಮಿಷ ತೋರಿಸಿದ್ದಾರೆ! ನೋಡುವವರ ಮನಸ್ಸಿನಲ್ಲಿ ಉಳಿಯುವುದು ಯಾವುದು?

ಎರಡು ಸಾವಿರ ಹೋದದ್ದು ದೊಡ್ಡದಲ್ಲ ಎನ್ನಬಹುದು. ಆದರೆ ಆ ಮನೆಯಲ್ಲಿ ಈಗ ಆಕೆ ಯಾವುದಕ್ಕೆ ಹಣ ಕೇಳಿದರೂ “ಇದೂ ಟಿ.ವಿ.ಯಾಗ ನೋಡಿದ್ದೇನು?” ಎಂಬ ಮಾತು ಬರುತ್ತದೆ. ಮಗನಿಗೆ ಕಂಪ್ಯೂಟರ್ ಕ್ಲಾಸಿನ ಫೀಸು ಕೇಳಿದಾಗಲೂ ಇದೇ ಮಾತು ಬಂತಂತೆ. ತನ್ನ ದುಡಿಮೆಯ ಹಣ, ತನ್ನ ತೀರ್ಮಾನ ಎಂದು ತಲೆ ಎತ್ತಿದ್ದವಳು ಒಂದು ಚೀಲ ಹಳದಿ ಸಸಿಯಿಂದಾಗಿ ತಲೆ ತಗ್ಗಿಸಬೇಕಾಯಿತು. ನಿರೂಪಕರಿಗೆ ಇದು ಗೊತ್ತಾಗುವುದಿಲ್ಲ. ಅವರು ಮುಂದಿನ ವಾರ ಲೆಟಿಸ್ ಎಂಬ ಸೊಪ್ಪಿನ ಬಗ್ಗೆ ಹೇಳಿದರು. ಹಿರೇಕೆರೂರಿನಲ್ಲಿ ಅದನ್ನು ತಿನ್ನುವವರು ಯಾರೋ ನನಗೆ ತಿಳಿಯದು!

ಅಚ್ಚರಿಯೆಂದರೆ ಆ ಸೋದರಿಗೆ ಆ ನಿರೂಪಕರ ಮೇಲೆ ಈಗಲೂ ಕೋಪವಿಲ್ಲ. “ಅವರು ಒಳ್ಳೇರು ಆಪಾ, ನನ್ನ ಕೈಗುಣಾನೇ ಸರಿ ಇಲ್ಲ” ಎಂದರು. ಆಕೆಯ ನಾದಿನಿ ಸಿಟ್ಟಾದರು: “ಅಂವಾ ಆ ಕಂಪನಿ ಮಾಲು ಮಾರಾಕ ಬಂದಾವ. ಕಾರ್ಯಕ್ರಮ ಮುಗಿಯೂದ್ರಾಗ ಅದರ ಹೆಸರು ಹತ್ತು ಸಲ ಬರ್ತೈತಿ.” ನಾನು ನಾದಿನಿಯ ಪಕ್ಷ.

ಈ ಜಗಳ ನಮ್ಮ ಕಡೆಯದು ಮಾತ್ರವೂ ಅಲ್ಲ. ಬ್ರಿಟನ್ನಿನಲ್ಲಿ ಬಿ.ಬಿ.ಸಿ.ಯ ಗಾರ್ಡನರ್ಸ್ ವರ್ಲ್ಡ್ ಎಂಬ ಕಾರ್ಯಕ್ರಮ 1968ರಿಂದ ನಡೆಯುತ್ತಿದೆ. ಅದರ ಆರಂಭದ ವರ್ಷಗಳಲ್ಲಿ ಪರ್ಸಿ ಥ್ರೋವರ್ ಎಂಬ ಹಿರಿಯ ತೋಟಗಾರರು ಮನೆಮಾತಾಗಿದ್ದರು. 1970ರ ದಶಕದ ನಡುಭಾಗದಲ್ಲಿ ಅವರು ರಾಸಾಯನಿಕ ತಯಾರಿಸುವ ಐ.ಸಿ.ಐ. ಕಂಪನಿಯ ಜಾಹೀರಾತುಗಳಲ್ಲಿ ಕಾಣಿಸಿಕೊಳ್ಳಲು ಒಪ್ಪಿದರು. ಬಿ.ಬಿ.ಸಿ. ಅವರನ್ನು ಕಾರ್ಯಕ್ರಮದಿಂದ ಕೈಬಿಟ್ಟಿತು. ಅಷ್ಟು ದೊಡ್ಡ ಹೆಸರನ್ನೂ ಬಿಟ್ಟುಕೊಟ್ಟರಲ್ಲ! ಮುಂದೆ ಬಂದ ಜೆಫ್ ಹ್ಯಾಮಿಲ್ಟನ್ ಎಂಬವರು ರಾಸಾಯನಿಕ ಬೇಡವೆನ್ನುತ್ತಿದ್ದರು, ದುಡ್ಡು ಉಳಿಸುವ ಉಪಾಯಗಳನ್ನು ಹೇಳುತ್ತಿದ್ದರು, 1996ರಲ್ಲಿ ತೀರಿಕೊಳ್ಳುವವರೆಗೂ ಆ ಕೆಲಸ ಮಾಡಿದರು. ಇನ್ನು ಮಾಂಟಿ ಡಾನ್ ಎಂಬವರು ತೋಟಗಾರಿಕೆಯನ್ನು ಕಾಲೇಜಿನಲ್ಲಿ ಕಲಿತವರೇ ಅಲ್ಲ. ಕಲಿಯದವನಿಗೆ ಈ ಸ್ಥಾನವೇಕೆ ಎಂದು ಮೂಗು ಮುರಿಯುವವರೂ ಇದ್ದಾರೆ, ನಮ್ಮಂತೆ ಮಾಡಿ ನೋಡಿ ಕಲಿತವನು ಎಂದು ಪ್ರೀತಿಸುವವರೂ ಇದ್ದಾರೆ. ಅದೇ ದೇಶದಲ್ಲಿ ಹೆಣ್ಣು ನಿರೂಪಕಿಯೊಬ್ಬರು ಗುದ್ದಲಿ ಹಿಡಿದು ಕೊಳ ತೋಡಿದರೆ ಪತ್ರಿಕೆಗಳು ಬರೆದದ್ದು ಕೊಳದ ಬಗ್ಗೆ ಅಲ್ಲ, ಆಕೆಯ ಉಡುಪಿನ ಬಗ್ಗೆ. ಉಗುರಿನ ಬಣ್ಣದ ಬಗ್ಗೆ ಮಾತಾಡುವ ನಮ್ಮವರನ್ನು ಮಾತ್ರ ಏಕೆ ದೂರಬೇಕು?

ಅಂದ ಮಾತ್ರಕ್ಕೆ ಉಗುರಿನ ಬಣ್ಣದಿಂದ ಯಾರನ್ನೂ ಅಳೆಯುವುದನ್ನು ನಾನು ಒಪ್ಪುವುದಿಲ್ಲ. ಸವಣೂರಿನ ಖಾಲಾರೊಡನೆ ಈ ಬಗ್ಗೆ ನನ್ನ ವಾದ ನಡೆದೇ ಇದೆ. ನಿರೂಪಕರು ತಾವು ನಿಂತಿರುವ ಊರು, ತಿಂಗಳು, ಮಣ್ಣು ಇವನ್ನು ಹೇಳುತ್ತಾರೆಯೇ ಎಂದು ನೋಡಿ. ಸತ್ತ ಗಿಡವನ್ನೂ ತೋರಿಸುತ್ತಾರೆಯೇ ನೋಡಿ. ಹೆಸರಿನ ಡಬ್ಬಿ ತೋರಿಸುತ್ತಾರೋ, ಮನೆಯಲ್ಲಿರುವ ಬೇವಿನ ಹಿಂಡಿ, ಬೂದಿ, ಹುಳಿ ಮಜ್ಜಿಗೆ ತೋರಿಸುತ್ತಾರೋ ಗಮನಿಸಿ. ಸಂಶಯ ಬಂದರೆ ಕೇಳಲು ಬೇರೆ ಜಾಗಗಳೂ ಇವೆ. 2004ರಲ್ಲಿ ಶುರುವಾದ ಕಿಸಾನ್ ಕಾಲ್ ಸೆಂಟರಿಗೆ ದುಡ್ಡಿಲ್ಲದೆ ಫೋನ್ ಮಾಡಿ ಕನ್ನಡದಲ್ಲೇ ಕೇಳಬಹುದು. ನಮ್ಮ ಜಿಲ್ಲೆಯದೇ ಕೃಷಿ ವಿಜ್ಞಾನ ಕೇಂದ್ರ ರಾಣೆಬೆನ್ನೂರು ತಾಲೂಕಿನ ಹನುಮನಮಟ್ಟಿಯಲ್ಲಿದೆ. ಹೊಲವಿಲ್ಲದ ಹೆಂಗಸು ಹೇಗೆ ಕೇಳುವುದು ಎಂಬ ಸಂಕೋಚ ಬೇಡ. ಹತ್ತು ಬದನೆ ಗಿಡವೂ ಬೇಸಾಯವೇ.

ಕೊನೆಗೆ ಶಿಗ್ಗಾಂವಿ. ಅಲ್ಲಿ ನಮ್ಮ ದೊಡ್ಡಮ್ಮನ ಹಿತ್ತಲು ನೋಡಿದವರು ಟಿ.ವಿ. ತೋಟಗಳನ್ನೆಲ್ಲ ಮರೆಯುತ್ತಾರೆ. ಎರಡು ಗುಂಟೆಗೂ ಕಡಿಮೆ ಜಾಗ. ನುಗ್ಗೆ, ಕರಿಬೇವು, ಹೀರೆಬಳ್ಳಿ, ಬಸಳೆ, ಎರಡು ಬಗೆಯ ಬದನೆ. ಬಚ್ಚಲು ನೀರು ಬಾಳೆಯ ಬುಡಕ್ಕೆ ಹೋಗುತ್ತದೆ, ಪಾತ್ರೆ ತೊಳೆದ ನೀರು ಬೇರೆ ಕಾಲುವೆಯಲ್ಲಿ ಕೆಸುವಿಗೆ. ಬದನೆಯ ಕುಡಿ ಬಾಡಿದರೆ ಹುಳ ಒಳಗಿದೆ ಎಂದು ತಿಳಿದು ಆ ಕುಡಿಯನ್ನೇ ಚಿವುಟಿ ಒಲೆಗೆ ಹಾಕುತ್ತಾರೆ. ಕೃಷಿ ವಿಜ್ಞಾನಿಗಳು ಹೇಳುವುದೂ ಇದನ್ನೇ. ದೊಡ್ಡಮ್ಮ ಕೈತೋಟದ ಕಾರ್ಯಕ್ರಮಗಳನ್ನು ತಪ್ಪದೆ ನೋಡುತ್ತಾರೆ, ನೋಡುತ್ತಲೇ ಟಿ.ವಿ.ಯೊಂದಿಗೆ ಜಗಳವಾಡುತ್ತಾರೆ. “ಅಷ್ಟ್ ಆಳಕ್ಕ ಹಾಕಬ್ಯಾಡೋ ತಮ್ಮಾ, ಬೀಜ ಉಸಿರಾಡಬೇಕು!”

“ನೀವೇ ಒಂದು ಕಾರ್ಯಕ್ರಮ ಮಾಡಬಾರದೇಕೆ ದೊಡ್ಡಮ್ಮಾ?” ಎಂದು ಕೇಳಿದೆ.

ಅವರು ಸೆರಗು ಸರಿಮಾಡಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಮುಖ ತೋರಸೂದು ನನಗ ಆಗೂದಿಲ್ಲವ್ವ. ಕೈ ಬೇಕಾದ್ರ ತೋರಸ್ತೀನಿ” ಎಂದರು.

ತೋಟದ ಕೆಲಸಕ್ಕೆ ಮುಖದ ಅಗತ್ಯವಾದರೂ ಏನು? ರೇಡಿಯೊ ಕಾಲದಲ್ಲಿ ಮುಖವೇ ಇರಲಿಲ್ಲ, ಕೇಳಿದವರು ಬೆಳೆ ಬೆಳೆದರು. ನಮ್ಮ ಊರುಗಳಲ್ಲಿ ಹೀಗೆ ತಿಳಿದವರೆಷ್ಟೋ ಮಂದಿ ಪರದೆಯ ಕಾರಣಕ್ಕೋ ಸಂಕೋಚಕ್ಕೋ ಹಿತ್ತಲಿನ ಗೋಡೆಯೊಳಗೇ ಉಳಿದಿದ್ದಾರೆ. ಮಾತಾಡಲು ಬಂದವರು ಮಾತ್ರ ಟಿ.ವಿ.ಯಲ್ಲಿದ್ದಾರೆ. 2015ರಲ್ಲಿ ಕೇಂದ್ರ ಸರಕಾರ ರೈತರಿಗೆಂದೇ ಡಿ.ಡಿ. ಕಿಸಾನ್ ಎಂಬ ಪ್ರತ್ಯೇಕ ಚಾನೆಲ್ ತೆರೆಯಿತು, ಆದರೆ ಅದರ ಮಾತು ಹಿಂದಿಯದು. ದೊಡ್ಡಮ್ಮನ ಕನ್ನಡ ಅಲ್ಲಿಗೆ ತಲುಪುವ ಹಾಗಿಲ್ಲ.

ಅವರ ಸೊಸೆ ಜಾಣೆ. ಮೊಬೈಲನ್ನು ಕಿಟಕಿಯ ಸರಳಿಗೆ ಕಟ್ಟಿ, ದೊಡ್ಡಮ್ಮ ಬದನೆಯ ಕುಡಿ ಚಿವುಟುವುದನ್ನು, ಬೂದಿ ಉದುರಿಸುವುದನ್ನು ತೆಗೆದಳು. ಬರೀ ಕೈ, ಬರೀ ಧ್ವನಿ. ಅದನ್ನು ಬಂಧುಗಳ ವಾಟ್ಸಾಪ್ ಗುಂಪಿಗೆ ಹಾಕಿದಳು. ನಾನು ಊರಿಗೆ ಮರಳುವಷ್ಟರಲ್ಲಿ ನಾಲ್ಕೂ ಕಡೆಯಿಂದ ಉತ್ತರ ಬಂದಿತ್ತು. ಹಾನಗಲ್ಲಿನ ಭಾಭಿಗೆ ಹಣ್ಣೆಲೆ ಕಂಡು ಸಂತೋಷ. ಹಿರೇಕೆರೂರಿನ ಸೋದರಿ ಬದನೆ ಬೀಜ ಕೇಳಿದ್ದಾರೆ. ಸವಣೂರಿನ ಮೊಮ್ಮಗಳಿಗೆ ಧ್ವನಿ ಸಣ್ಣದಾಯಿತಂತೆ. ಖಾಲಾ ಮಾತ್ರ ಮೂರು ಸಲ ಹಾಕಿಸಿಕೊಂಡು ನೋಡಿ, ಬೂದಿ ಅಷ್ಟು ಹಾಕಬಾರದಿತ್ತು ಎಂದಿದ್ದಾರೆ.